ಡಾಕ್ಟರಿಗೆ ಫೋನ್ ಮಾಡುವ ಮೊದಲು ನಾಯಿ, ಬೆಕ್ಕನ್ನು ಹೀಗೆ ನೋಡಿ

ಕೊಡಗಿನಲ್ಲಿ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆ ಹಿಡಿಯಿತೆಂದರೆ ತೋಟದ ಮನೆಯಿಂದ ವಿರಾಜಪೇಟೆಗೋ ಮಡಿಕೇರಿಗೋ ನಾಯಿಯನ್ನು ಕರೆದುಕೊಂಡು ಹೋಗುವುದು ಸುಲಭವಲ್ಲ. ದಾರಿಗೆ ಮರ ಬಿದ್ದಿರುತ್ತದೆ. ಸಿಗ್ನಲ್ ಸಿಕ್ಕ ಐದು ನಿಮಿಷದಲ್ಲೇ ಡಾಕ್ಟರಿಗೆ ಎಲ್ಲ ಹೇಳಿ ಮುಗಿಸಬೇಕು. ‘ಯಾಕೋ ಡಲ್ ಆಗಿದೆ ಸಾರ್’ ಎಂದರೆ ಅವರಾದರೂ ಏನು ಹೇಳಿಯಾರು? ‘ಜ್ವರ 104 ಇದೆ, ಒಸಡು ಬಿಳಿಚಿದೆ, ನಿನ್ನೆಯಿಂದ ಮೂತ್ರ ಕೆಂಪಗಿದೆ’ ಎಂದರೆ ಉಣ್ಣಿ ಜ್ವರದ ಅನುಮಾನ ಅವರಿಗೆ ಅಲ್ಲೇ ಬರುತ್ತದೆ. ಇಷ್ಟು ನೋಡುವುದನ್ನು ಮನೆಯವರು ಖಂಡಿತ ಕಲಿಯಬಹುದು.

ಮೊದಲು ಮುಟ್ಟಬೇಡಿ, ದೂರದಿಂದ ನೋಡಿ. ಕುಂಟುತ್ತಿದೆಯಾ? ತಲೆ ಒಂದು ಕಡೆ ವಾಲಿಸಿದೆಯಾ? ಮಲಗಿರುವಾಗ ಉಸಿರು ಎಣಿಸಿ. ಎದೆ ಏರಿ ಇಳಿದರೆ ಒಂದು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದರೆ ಆಯಿತು. ನಿದ್ದೆಯಲ್ಲಿರುವಾಗ ನಾಯಿಗಾಗಲಿ ಬೆಕ್ಕಿಗಾಗಲಿ ನಿಮಿಷಕ್ಕೆ 30 ದಾಟಬಾರದು. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಉಳಿದದ್ದೇನೂ ನೋಡುತ್ತ ಕೂರಬೇಡಿ, ಹೇಗಾದರೂ ಮಾಡಿ ಹೊರಡಿ.

ಆಮೇಲೆ ಬಾಯಿ. ಇಲ್ಲೊಂದು ಎಚ್ಚರಿಕೆ. ಜೊಲ್ಲು ಸುರಿಸುತ್ತ, ನುಂಗಲಾಗದೆ ಒದ್ದಾಡುವ, ಸ್ವಭಾವವೇ ಬದಲಾದ ನಾಯಿಯ ಬಾಯಿಗೆ ಕೈ ಹಾಕಲೇಬೇಡಿ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಂತೆ ಕಾಣುವುದು ರೇಬೀಸ್ ಆಗಿರಬಹುದು. ಆ ಅನುಮಾನ ಇಲ್ಲದಿದ್ದರೆ ತುಟಿ ಮೇಲಕ್ಕೆತ್ತಿ. ಒಸಡು ಗುಲಾಬಿ ಬಣ್ಣದಲ್ಲಿರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಬೆಳ್ಳಗಾಗಿ, 2 ಸೆಕೆಂಡಿನೊಳಗೆ ಮತ್ತೆ ಬಣ್ಣ ಬರಬೇಕು. ಬಿಳಿಚಿದ್ದರೆ ರಕ್ತ ಕಡಿಮೆಯಾಗಿರಬಹುದು, ಹಳದಿಯಾಗಿದ್ದರೆ ಕಾಮಾಲೆ, ನೀಲಿಯಾಗಿದ್ದರೆ ಉಸಿರಿಗೇ ತೊಂದರೆ. ನಮ್ಮ ಊರ ನಾಯಿಗಳಲ್ಲಿ ಒಸಡು ಕಪ್ಪಗಿರುವುದೇ ಜಾಸ್ತಿ. ಹಾಗಿದ್ದರೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ.

ಮೂಗನ್ನು ಸುಮ್ನೆ ಬಿಡಬೇಡಿ. ನಮ್ಮ ನಾಯಿ ಒಂದು ವಾರ ಸೀನುತ್ತಿತ್ತು. ಒಂದೇ ಹೊಳ್ಳೆಯಿಂದ ಆಗಾಗ ರಕ್ತ. ಎಲ್ಲೋ ಮುಳ್ಳು ಚುಚ್ಚಿರಬೇಕು ಅಂತ ನಾನು ಸುಮ್ಮನಿದ್ದೆ. ಡಾಕ್ಟರು ಬಟ್ಟಲಲ್ಲಿ ನೀರು ತಂದು ಅದರ ಮೂಗಿನ ಹತ್ತಿರ ಹಿಡಿದರು. ಸ್ವಲ್ಪ ಹೊತ್ತಿಗೆ ಜಿಗಣೆಯ ತುದಿ ಹೊರಗೆ ಬಂತು! ತೋಡಿನ ನೀರು ಕುಡಿಯುವಾಗ ಒಳಗೆ ಹೋಗಿದ್ದು. ಅಷ್ಟು ದಿನ ಅದು ರಕ್ತ ಕುಡಿಯುತ್ತಿತ್ತು ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ತಲೆಯಿಂದ ಬಾಲದವರೆಗೆ ಎರಡೂ ಕೈ ಆಡಿಸಿ. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮೊಣಕಾಲಿನ ಹಿಂದೆ ಗಂಟು ಸಿಗುತ್ತದೆಯಾ ನೋಡಿ. ಉಣ್ಣಿ ಹುಡುಕಬೇಕಾದ ಜಾಗ ಕಿವಿಯ ಒಳಗೆ, ಬೆಲ್ಟಿನ ಅಡಿ, ಕಂಕುಳು, ಬೆರಳುಗಳ ಸಂದು, ಬಾಲದ ಬುಡ. ಸಿಕ್ಕ ಉಣ್ಣಿಯನ್ನು ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿ ಬೇಡ. ತೋಟ ಸುತ್ತುವ ನಾಯಿಯಾದರೆ ಕುತ್ತಿಗೆ, ಸೊಂಟದ ಸುತ್ತ ರೋಮ ಬಿಡಿಸಿ ನೋಡಿ. ಹಂದಿಗೆ ಇಟ್ಟ ಉರುಳಿನ ತಂತಿ ಚರ್ಮದೊಳಗೆ ಇಳಿದಿದ್ದರೂ ಮೇಲಿಂದ ಕಾಣುವುದಿಲ್ಲ.

ಹೊಟ್ಟೆಯನ್ನು ಮೆಲ್ಲಗೆ ಒತ್ತಿ, ನೋವಿದ್ದರೆ ಅದೇ ಹೇಳುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದ್ದು ಮೂತ್ರ ಬಾರದಿದ್ದರೆ ಮಲಬದ್ಧತೆ ಎಂದು ಎಣ್ಣೆ ಕುಡಿಸುತ್ತ ದಿನ ಕಳೆಯಬೇಡಿ. ಮೂತ್ರನಾಳ ಕಟ್ಟಿದ್ದರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಹೊಟ್ಟೆಯ ಕೆಳಗೆ ಗಟ್ಟಿ ಉಂಡೆ ಸಿಕ್ಕರೆ ಒತ್ತಬೇಡಿ, ಅದು ತುಂಬಿದ ಮೂತ್ರಚೀಲ.

ಎದೆಬಡಿತಕ್ಕೆ ಎಡ ಮೊಣಕೈ ಎದೆಗೆ ತಾಗುವ ಜಾಗದಲ್ಲಿ ಕೈ ಇಡಿ. ಸುಮ್ಮನಿರುವ ದೊಡ್ಡ ನಾಯಿಗೆ ನಿಮಿಷಕ್ಕೆ 60ರಿಂದ 100, ಚಿಕ್ಕ ಜಾತಿಗೆ 140ರವರೆಗೆ. ಬೆಕ್ಕಿಗೆ 140ರಿಂದ 220.

ಜ್ವರ ನೋಡುವುದು ಕೊನೆಗೆ, ಯಾಕೆಂದರೆ ಅವಕ್ಕೆ ಇಷ್ಟವಾಗದ್ದು ಅದೇ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ ಗುದದ್ವಾರದಲ್ಲಿ ಮೆಲ್ಲಗೆ ಇಡಿ. ಒಬ್ಬರು ತಲೆ ಹಿಡಿದು ಮಾತಾಡಿಸುತ್ತಿರಲಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಬೆಕ್ಕಿಗೆ 100.5ರಿಂದ 102.5 ಸಹಜ. ನಮ್ಮ 98.6ರ ಲೆಕ್ಕ ಇಲ್ಲಿ ನಡೆಯುವುದಿಲ್ಲ. 104 ದಾಟಿದರೂ 99ಕ್ಕಿಂತ ಇಳಿದರೂ ತಡ ಮಾಡಬೇಡಿ. ಮೂಗು ಒಣಗಿದ್ದರೆ ಜ್ವರ ಅನ್ನುವ ಮಾತನ್ನು ನಂಬಬೇಡಿ. ಜ್ವರ ಇದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿನ ಪ್ರಾಣ ತೆಗೆಯಲು ಅದರ ಒಂದೇ ಮಾತ್ರೆ ಸಾಕು.

ಇದನ್ನೆಲ್ಲ ಆರೋಗ್ಯವಾಗಿರುವಾಗಲೇ ವಾರಕ್ಕೊಮ್ಮೆ ಮಾಡಿ. ನಿಮ್ಮ ನಾಯಿಯ ಒಸಡಿನ ಬಣ್ಣ, ಉಸಿರಿನ ಲೆಕ್ಕ ನಿಮಗೆ ಗೊತ್ತಿದ್ದರೆ ತಾನೇ ಬದಲಾದದ್ದು ತಿಳಿಯುವುದು? ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹಿಂದಿನ ರೇಬೀಸ್ ಲಸಿಕೆಯ ತಾರೀಕೂ ಅಲ್ಲೇ ಇರಲಿ, ಡಾಕ್ಟರು ಅದನ್ನೂ ಕೇಳುತ್ತಾರೆ.