ಸೀರಿಯಾ ಕ್ಯಾಥೋಡಿನೊಳಗೆ ಇಳಿಯದೆ ಮೇಲೇ ಕೂತಾಗ

ಘನ ಆಕ್ಸೈಡ್ ಇಂಧನ ಕೋಶದ ಕ್ಯಾಥೋಡಿನ ರೋಧ ಇಳಿಸಲು ಅದರ ತೂತುಗಳೊಳಗೆ ಸೀರಿಯಾ (ಸೀರಿಯಂ ಆಕ್ಸೈಡ್) ಕಣ ಕೂರಿಸಬೇಕಿತ್ತು. ಎಲ್‌ಎಸ್‌ಎಂ-ವೈಎಸ್‌ಝಡ್ (ಲ್ಯಾಂಥನಂ ಸ್ಟ್ರಾನ್ಷಿಯಂ ಮ್ಯಾಂಗನೈಟ್, ಯಿಟ್ರಿಯಾ ಬೆರೆತ ಝಿರ್ಕೋನಿಯಾ) ಕ್ಯಾಥೋಡಿಗೆ ಸೀರಿಯಂ, ಗ್ಯಾಡೋಲಿನಿಯಂ ನೈಟ್ರೇಟ್ ದ್ರಾವಣ ಹನಿಸಿ ಸುಟ್ಟರೆ ಮೇಲೆ ಹಳದಿ ಹೊಪ್ಪಳೆ ಏಳುತ್ತಿತ್ತು. 700 ಡಿಗ್ರಿಯಲ್ಲಿ ಅಳೆದರೂ ರೋಧ ಇಳಿದಿರಲಿಲ್ಲ. ದ್ರಾವಣ ಗಟ್ಟಿ ಮಾಡಿದೆ, ಹೊಪ್ಪಳೆ ಇನ್ನೂ ದಪ್ಪ. ಪ್ರತಿ ಸಲ 800ಕ್ಕೆ ಸುಟ್ಟೆ, ನ್ಯಾನೋ ಕಣಗಳೇ ಒಂದಕ್ಕೊಂದು ಅಂಟಿ ದಪ್ಪಗಾದವು.

ಕೆಲಸ ಮಾಡಿದ್ದು ಇದು: ಸೀರಿಯಂ, ಗ್ಯಾಡೋಲಿನಿಯಂ 8:2, ಒಟ್ಟು 1 ಮೋಲಾರ್. ನೀರಿಗೆ ಸ್ವಲ್ಪ ಎಥನಾಲ್, ಒಂದೆರಡು ಹನಿ ಟ್ರೈಟಾನ್ ಎಕ್ಸ್-100 (ಸೋಪಿನಂತೆ ದ್ರಾವಣ ಹರಡಿಸುವ ರಾಸಾಯನಿಕ). ಹನಿ ಮಣಿಯಂತೆ ನಿಲ್ಲದೆ ಹರಡಬೇಕು. ತಕ್ಷಣ ವ್ಯಾಕ್ಯೂಮ್‌ನಲ್ಲಿಡಿ. ಗುಳ್ಳೆ ಏಳುವುದು ನಿಂತ ಮೇಲೆ ಗಾಳಿ ಬಿಡಿ, ದ್ರಾವಣ ತೂತುಗಳೊಳಗೆ ಇಳಿಯುತ್ತದೆ. ಮೇಲೆ ಉಳಿದದ್ದನ್ನು ಒಣಗುವ ಮೊದಲೇ ಒರೆಸಿ. ನಾನು ಬಿಟ್ಟಿದ್ದು ಇದನ್ನೇ! 80ರಲ್ಲಿ ಒಣಗಿಸಿ, 450 ಡಿಗ್ರಿಯಲ್ಲಿ 30 ನಿಮಿಷ ಸುಡಿ. ತೂಕ ನೋಡಿ ಮತ್ತೆ ಹನಿಸಿ. ನನಗೆ 6 ಸಲ ಬೇಕಾಯಿತು.