ಸಿಂಕ್ ತರೋಕೆ ಹೋಗೋವಾಗ ಒಂದು ಹಿಡಿ ರಾಗಿ ತಗೊಂಡು ಹೋಗಿ

ಹೋದ ತಿಂಗಳು ಬೆಂಗಳೂರಲ್ಲಿ ತಂಗಿ ಮಗಳ ಗೃಹಪ್ರವೇಶ. ಅಡುಗೆಮನೆಗೆ ಕರ್ಕೊಂಡು ಹೋಗಿ ‘ದೊಡ್ಡಮ್ಮ, ಸಿಂಕ್ ನೋಡಿ’ ಅಂದ್ಲು. ಕರೀ ಬಣ್ಣ, ಎರಡು ಬೌಲು, ಎತ್ತರದ ಬಗ್ಗಿದ ನಲ್ಲಿ, ನೋಡೋಕೆ ಚೆನ್ನಾಗೇ ಇತ್ತು ಬಿಡಿ. ‘ಎಲ್ಲಿ, ನಿನ್ನ ದೋಸೆ ಹಂಚು ತಾ’ ಅಂದೆ. ತಂದ್ಲು. ಈ ಬೌಲಲ್ಲೂ ಕೂರ್ಲಿಲ್ಲ, ಆ ಬೌಲಲ್ಲೂ ಕೂರ್ಲಿಲ್ಲ. ಓರೆಯಾಗಿ ನಿಲ್ಲಿಸಿ ನಲ್ಲಿ ಬಿಟ್ರೆ ನೀರೆಲ್ಲ ಸೀರೆ ಮೇಲೆ. ಮೊಬೈಲಲ್ಲಿ ಫೋಟೋ ನೋಡಿ ಸಿಂಕ್ ತಗೊಳ್ಳೋ ನಿಮಗೆಲ್ಲ ಏನು ಹೇಳ್ಲಿ? ಸಿಂಕಿಗೆ ಬೀಳೋದು ಫೋಟೋ ಅಲ್ಲಮ್ಮ, ಕುಕ್ಕರ್ರು, ಬಾಣಲೆ, ಇಡ್ಲಿ ಪಾತ್ರೆ.

ಎರಡು ಬೌಲು ಬೇಕೇ ಬೇಕು ಅಂದ್ರೆ 45 ಇಂಚಿಂದು ಹಿಡಿಸೋ ಅಷ್ಟು ಕಟ್ಟೆ ಇರಬೇಕು. ಇಲ್ದಿದ್ರೆ ಸುಮ್ನೆ ಒಂದೇ ದೊಡ್ಡ ಬೌಲು, 24ಕ್ಕೆ 18 ಆದ್ರೂ ಇರ್ಲಿ. ಆಳ ಜಾಸ್ತಿ ಇದ್ರೆ ನೀರು ಸಿಡಿಯಲ್ಲ ಅಂತ ಅಂಗಡಿಯೋರು 10 ಇಂಚಿಂದು ಕೊಡೋಕೆ ನೋಡ್ತಾರೆ, ಆದ್ರೆ ನನ್ನಂಥ ಗಿಡ್ಡಕ್ಕಿರೋರು ಅದರ ತಳ ಮುಟ್ಟೋಕೆ ಬಗ್ಗಿ ಬಗ್ಗಿ ಸೊಂಟ ಹೋಗತ್ತೆ. ನಿಮ್ಮ ಕಟ್ಟೆ ಎಷ್ಟು ಎತ್ತರ, ಅದರಿಂದ ಎಷ್ಟು ಕೆಳಗೆ ಬಗ್ಗದೇ ಅಂಗೈ ಹೋಗತ್ತೆ ಅಂತ ಮನೇಲೇ ನಿಂತು ನೋಡ್ಕೊಳ್ಳಿ. ಪಾತ್ರೆ ತೊಳೆಯೋರು ಯಾರೋ ಅವರನ್ನ ನಿಲ್ಲಿಸಿ ಮತ್ತೆ, ಮನೆ ಕಟ್ಟಿಸೋ ಯಜಮಾನರನ್ನಲ್ಲ.

ಇನ್ನು ಯಾವುದರದ್ದು ಅಂತ. ಆ ಕರೀದು ಕ್ವಾರ್ಟ್ಜ್, ಕಲ್ಲಿನ ಪುಡಿಗೆ ರೆಸಿನ್ ಅನ್ನೋ ಅಂಟು ಸೇರಿಸಿ ಅಚ್ಚಿಗೆ ಹಾಕಿರೋದು. ಸದ್ದು ಬರಲ್ಲ, ಗೀರು ಕಾಣಲ್ಲ, ನಿಜ. ಆದ್ರೆ ಬೋರ್‌ವೆಲ್ ನೀರಿರೋ ಮನೇಲಿ ಮೂರೇ ದಿನಕ್ಕೆ ಕರೀ ಸಿಂಕಿಗೆ ಬಿಳೀ ವಿಭೂತಿ ಬಳಿದ ಹಾಗೆ ಆಗತ್ತೆ, ದಿನಾ ರಾತ್ರಿ ಒಣಬಟ್ಟೇಲಿ ಒರೆಸೋ ವ್ಯವಧಾನ ಇರೋರು ಹಾಕಿಸ್ಕೊಳ್ಳಿ. ಬಿಳೀದು ತಗೊಂಡ್ರೆ ಅರಿಶಿನದ ಕಲೆ. ಪಿಂಗಾಣಿ ಸಿಂಕಂತೂ ಹಿತ್ತಾಳೆ ಕೊಳಗ ಇರೋ ಮನೆಗಲ್ಲ, ಒಂದ್ಸಲ ಕೈ ಜಾರಿದ್ರೆ ಚಕ್ಕೆ ಎದ್ದು ಹೋಗತ್ತೆ. ನಾನು ಮದುವೆಯಾಗಿ ಬಂದಾಗ ಅತ್ತೆ ಮನೇಲಿ ಮೊಸಾಯಿಕ್ ಸಿಂಕಿತ್ತು, ಅದರಲ್ಲಿ ನಾನು ಒಡೆದ ಗಾಜಿನ ಲೋಟಕ್ಕೆ ಲೆಕ್ಕ ಇಲ್ಲ, ಅತ್ತೆ ಮಾತ್ರ ಲೆಕ್ಕ ಇಟ್ಟಿದ್ರು. ಅದಕ್ಕೂ ಮುಂಚೆ ನಮ್ಮಮ್ಮನ ಮನೇಲಿ ಸಿಂಕೂ ಇಲ್ಲ ಏನೂ ಇಲ್ಲ, ಹಿತ್ತಲ ಕಲ್ಲಿನ ಹತ್ರ ಕುಕ್ಕರುಗಾಲಲ್ಲಿ ಕೂತು ಬೂದಿ, ತೆಂಗಿನ ನಾರು ಹಾಕಿ ಮುಸುರೆ ತಿಕ್ಕೋದು, ನೀರು ಹಾಗೇ ಬಾಳೆ ಬುಡಕ್ಕೆ.

ನನ್ನ ಕೇಳಿದ್ರೆ ಸ್ಟೀಲೇ ಸೈ. ಆದ್ರೆ 304 ಅನ್ನೋ ಗ್ರೇಡಿಂದು ತಗೊಳ್ಳಿ, 18/8 ಅಂತಾನೂ ಹೇಳ್ತಾರೆ, ನೂರಕ್ಕೆ 18 ಪಾಲು ಕ್ರೋಮಿಯಂ 8 ಪಾಲು ನಿಕ್ಕಲ್ ಅಂತ. ಅಗ್ಗಕ್ಕೆ ಸಿಗೋದು 202, ಅದರಲ್ಲಿ ನಿಕ್ಕಲ್ ಕಮ್ಮಿ, ಬೇಗ ಚುಕ್ಕೆ ಚುಕ್ಕೆ ತುಕ್ಕು ಬರತ್ತೆ. ಈಗಿನ ಹುಡುಗ್ರು ಅಯಸ್ಕಾಂತ ಹಿಡಿದು ‘ಅಂಟಲಿಲ್ಲ, ಒರಿಜಿನಲ್ಲು’ ಅಂತಾರೆ, 202ಕ್ಕೂ ಅಂಟಲ್ಲ ಕಣ್ರಪ್ಪ! ಬಿಲ್ಲಲ್ಲಿ ಗ್ರೇಡ್ ಬರೆಸಿ. ದಪ್ಪ ಒಂದು ಮಿಲಿಮೀಟರ್ ಆದ್ರೂ ಇರ್ಲಿ, ಗೇಜ್ ಲೆಕ್ಕದಲ್ಲಿ ಹೇಳಿದ್ರೆ ನಂಬರ್ ಕಮ್ಮಿ ಆದಷ್ಟೂ ತಗಡು ದಪ್ಪ, ಉಲ್ಟಾ ಅದು. ತಳದ ಹೊರಗಡೆ ರಬ್ಬರ್ ಪ್ಯಾಡ್ ಅಂಟಿಸಿದಾರಾ ನೋಡಿ, ಇಲ್ಲಾಂದ್ರೆ ನಲ್ಲಿ ಬಿಟ್ರೆ ತಮಟೆ ಬಡಿದ ಹಾಗೆ.

ಈಗ ರಾಗಿ ವಿಷಯ. ನಗ್ತೀರ, ನಗಿ. ಚೌಕಾಕಾರದ ಸಿಂಕ್ ಬಂದಮೇಲೆ ದೊಡ್ಡ ರೋಗ ಅಂದ್ರೆ ಮೂಲೇಲಿ ನೀರು ನಿಲ್ಲೋದು. ಬರೀ ನೀರು ಹಾಕಿ ನೋಡಿದ್ರೆ ಗೊತ್ತಾಗಲ್ಲ, ಹೊಳೆಯೋ ಸ್ಟೀಲಲ್ಲಿ ತೆಳ್ಳಗೆ ನಿಂತ ನೀರು ಕಣ್ಣಿಗೆ ಬೀಳಲ್ಲ. ಅದಕ್ಕೆ ಒಂದು ಹಿಡಿ ರಾಗಿ ಪೊಟ್ಟಣ ಕಟ್ಕೊಂಡು ಹೋಗಿ. ಅಂಗಡಿಯೋನಿಗೆ ಹೇಳಿ ಸಿಂಕನ್ನ ಎರಡು ಸ್ಟೂಲ್ ಮೇಲೆ ಇಡ್ಸಿ, ತೂತಿನ ಕೆಳಗೆ ಬಕೆಟ್ ಇಡಿ. ಅಂಚಿನ ಮೇಲೆ ಗಾರೆ ಕೆಲಸದೋರು ಮಟ್ಟ ನೋಡೋ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಸಮ ಇದೆಯಾ ನೋಡಿ, ಇಲ್ಲಾಂದ್ರೆ ರಟ್ಟು ಕೊಟ್ಟು ಸರಿಮಾಡಿ, ಇದನ್ನ ಬಿಟ್ರೆ ಎಲ್ಲಾ ದಂಡ. ಆಮೇಲೆ ನಾಲ್ಕೂ ಮೂಲೆಗೆ ಚಿಟಿಕೆ ಚಿಟಿಕೆ ರಾಗಿ ಉದುರಿಸಿ, ಒಂದು ಚೊಂಬು ನೀರನ್ನ ನಿಧಾನಕ್ಕೆ ಸಿಂಕಿನ ಒಳಗೋಡೆ ಮೇಲಿಂದ ಇಳಿಬಿಡಿ, ದಬಾರ್ ಅಂತ ಸುರಿಯೋದಲ್ಲ. ತಳದ ಇಳಿಜಾರು ಸರಿ ಇದ್ರೆ ಕಾಳು ಉರುಳ್ಕೊಂಡು ತೂತಿಗೆ ಹೋಗತ್ತೆ. ಒಂದೆರಡು ಕಾಳು ಉಳಿದ್ರೆ ಚಿಂತೆ ಇಲ್ಲ, ಆದ್ರೆ ಒಂದೇ ಕಡೆ ಗುಂಪಾಗಿ ಕೂತ್ರೆ ಆ ಸಿಂಕ್ ಬೇಡ, ನಾಳೆ ಅಲ್ಲೇ ಸಾರಿನ ಬೇಳೆ ಕೂರತ್ತೆ, ರಾತ್ರಿ ಜಿರಳೆ ಬರತ್ತೆ. ಮೂಲೆ ಕತ್ತರಿಸಿದ ಹಾಗೆ ಚೂಪಾಗಿರೋದರಲ್ಲಿ ರಾಗಿ ಅಂಟ್ಕೊಂಡು ಕೂರೋದು ಜಾಸ್ತಿ, ಬೆರಳು ಆಡೋಷ್ಟು ಸ್ವಲ್ಪ ದುಂಡಗಿರೋದೇ ಒಳ್ಳೇದು. ನಮ್ಮನೆ ಸಿಂಕ್ ತರೋವಾಗ ಮೂರು ಹೀಗೇ ವಾಪಸ್ ಇಡಿಸಿದೀನಿ, ನಾಲ್ಕನೇದಕ್ಕೆ ಅಂಗಡಿ ಹುಡುಗನೇ ‘ಅಮ್ಮ, ರಾಗಿ ಕೊಡಿ’ ಅಂದ.

ಸಿಂಕ್ ಮನೆಗೆ ಬಂದಮೇಲೇನೇ ಗ್ರಾನೈಟ್ ಕತ್ತರಿಸೋಕೆ ಬಿಡಿ. ಕಲ್ಲಿನ ಕೆಳಗೆ ಕೂರಿಸೋದಾದ್ರೆ ಕಟ್ಟೆ ಒರೆಸಿದ್ದು ನೇರ ಒಳಗೆ ತಳ್ಳಬಹುದು, ಸುಖ, ಆದ್ರೆ ಬರೀ ಅಂಟಿನ ಮೇಲೆ ನೇತಾಡಬಾರದು, ಕೆಳಗೆ ಆಸರೆ ಕೊಡ್ಸಿ.

ಆಮೇಲೆ ಹುಣಸೆಹಣ್ಣು ಉಪ್ಪು ಹಾಕಿ ದೀಪದ ಕಂಬ ಉಜ್ಜಿ, ಆ ಉಪ್ಪನ್ನ ಸಿಂಕಲ್ಲೇ ಬಿಟ್ಟು ಮಲಗ್ಬೇಡಿ, 304 ಆದ್ರೂ ಚುಕ್ಕೆ ಬೀಳತ್ತೆ. ಬಾತ್‌ರೂಮಿನ ಆಸಿಡ್ ಅಂತೂ ಹತ್ರ ತರ್ಬೇಡಿ. ಕಾಫಿ ಚರಟ ಗಿಡಕ್ಕೆ ಹಾಕಿ, ಸಿಂಕಿಗಲ್ಲ.

ತಂಗಿ ಮಗಳು ಈಗ ಯುಟಿಲಿಟೀಲಿ ಇನ್ನೊಂದು ಸ್ಟೀಲ್ ಸಿಂಕ್ ಹಾಕಿಸ್ತಾಳಂತೆ. ‘ಭಾನುವಾರ ಅಂಗಡಿಗೆ ಬರ್ತೀರಾ ದೊಡ್ಡಮ್ಮ’ ಅಂತ ಫೋನ್ ಮಾಡಿದ್ಲು. ಹಂಚು ನೀನು ತಾ, ರಾಗಿ ನಾನು ತರ್ತೀನಿ ಅಂದಿದೀನಿ.