ಮೂಳೆಯ ಆರೋಗ್ಯಕ್ಕಾಗಿ ಅಡುಗೆ ಎಣ್ಣೆ ಬದಲಿಸಿದ ನನ್ನ ಅನುಭವ

ಆಹಾರ ತಜ್ಞೆಯಾಗಿ ಮೂಳೆ ಸವೆತವಿರುವವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಪ್ರೋಟೀನು ಮತ್ತು ವ್ಯಾಯಾಮದ ವಿಷಯದಲ್ಲಿ ಸಲಹೆ ಕೊಡುವುದು ನನ್ನ ವೃತ್ತಿ. ಋತುಬಂಧದ ನಂತರ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಎಂಬ ಎಕ್ಸ್-ರೇ ಪರೀಕ್ಷೆಯಲ್ಲಿ ನನ್ನದೇ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) −1 ಮತ್ತು −2.5ರ ನಡುವೆ, ಅಂದರೆ ಮೂಳೆ ಸವೆತಕ್ಕೆ ಮುಂಚಿನ ಆಸ್ಟಿಯೋಪೀನಿಯಾ ಎನ್ನುವ ಹಂತದಲ್ಲಿ ಬಂದಾಗ, ಆ ಸಲಹೆಗಳನ್ನೆಲ್ಲ ಪಾಲಿಸುವುದರ ಜೊತೆಗೆ ದಿನವೂ ಬಳಸುವ ಎಣ್ಣೆಯನ್ನೂ ಮೂಳೆಯ ದೃಷ್ಟಿಯಿಂದ ಪರಿಶೀಲಿಸಲು ನಿರ್ಧರಿಸಿದೆ.

ನಮ್ಮ ಮೂಳೆಯನ್ನು ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಸದಾ ಕರಗಿಸುತ್ತಿರುತ್ತವೆ, ಆಸ್ಟಿಯೋಬ್ಲಾಸ್ಟ್ ಕೋಶಗಳು ಮತ್ತೆ ಕಟ್ಟುತ್ತಿರುತ್ತವೆ. ಋತುಬಂಧದಲ್ಲಿ ಈಸ್ಟ್ರೊಜೆನ್ ಹಾರ್ಮೋನು ಇಳಿದಾಗ ಕರಗಿಸುವ ಕೆಲಸದ ಕೈ ಮೇಲಾಗುತ್ತದೆ. ಒಮೇಗಾ-6 ಗುಂಪಿನ ಲಿನೋಲಿಕ್ ಆಮ್ಲದಿಂದ ದೇಹವು ಅರಾಕಿಡೋನಿಕ್ ಆಮ್ಲವನ್ನೂ, ಅದರಿಂದ ಉರಿಯೂತಕ್ಕೆ ಸಂಬಂಧಿಸಿದ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕವನ್ನೂ ತಯಾರಿಸುತ್ತದೆ. ಇದು ಅತಿಯಾದರೆ ಮೂಳೆ ಕರಗಿಸುವ ಕೋಶಗಳ ಹುಟ್ಟಿಗೆ ಪ್ರಚೋದನೆ ಸಿಗುತ್ತದೆ. ಒಮೇಗಾ-3 ಗುಂಪಿನ ಆಲ್ಫಾ-ಲಿನೋಲೆನಿಕ್ ಆಮ್ಲ ಈ ತಯಾರಿಕೆಗೆ ಬೇಕಾದ ಅದೇ ಕಿಣ್ವಗಳಿಗಾಗಿ ಪೈಪೋಟಿ ನಡೆಸುತ್ತದೆ. ಆದರೂ ಲಿನೋಲಿಕ್ ಆಮ್ಲವನ್ನು ಶತ್ರುವೆಂದು ನಾನು ಎಣಿಸುವುದಿಲ್ಲ. ಅದು ದೇಹಕ್ಕೆ ಬೇಕೇ ಬೇಕಾದ, ರಕ್ತದ ಕೊಲೆಸ್ಟರಾಲ್ ತಗ್ಗಿಸಲು ನೆರವಾಗುವ ಕೊಬ್ಬಿನಾಮ್ಲ.

ನಾನು ಬಳಸುತ್ತಿದ್ದ ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 60 ಪ್ರತಿಶತ ಲಿನೋಲಿಕ್ ಆಮ್ಲವಿದ್ದು, ಒಮೇಗಾ-3 ಬಹುತೇಕ ಇರುವುದಿಲ್ಲ. ಬಿಸಿ ಅಡುಗೆಗೆ ಅದರ ಜಾಗದಲ್ಲಿ ಒಮೇಗಾ-6 ಅಲ್ಲದ ಓಲಿಕ್ ಆಮ್ಲ ಹೆಚ್ಚಿರುವ ಆಲಿವ್ ಎಣ್ಣೆಯನ್ನೂ, ಒಮೇಗಾ-3 ಮತ್ತು ವಿಟಮಿನ್ ಕೆ1 ಎರಡೂ ಇರುವ ಕನೋಲಾ ಎಣ್ಣೆಯನ್ನೂ ತಂದೆ. ಸುಮಾರು 55 ಪ್ರತಿಶತ ಆಲ್ಫಾ-ಲಿನೋಲೆನಿಕ್ ಆಮ್ಲವಿರುವ ಅಗಸೆ ಎಣ್ಣೆಯನ್ನು ಒಲೆಯ ಹತ್ತಿರಕ್ಕೂ ಒಯ್ಯದೆ, ಬಡಿಸಿದ ಆಹಾರದ ಮೇಲೆ ಒಂದು ಟೀ ಚಮಚ ಹಾಕಿಕೊಳ್ಳುತ್ತೇನೆ. ಅಷ್ಟರಲ್ಲೇ ಎರಡು ಗ್ರಾಂಗಿಂತ ಹೆಚ್ಚು ಒಮೇಗಾ-3 ದೊರೆಯುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ಆದ್ದರಿಂದ ಹೊಸ ಎಣ್ಣೆ ಬಂದಷ್ಟೂ ಹಳೆಯದನ್ನು ಕಡಿಮೆ ಮಾಡಿದೆ.

ಎಣ್ಣೆಯ ಆಯ್ಕೆಯಷ್ಟೇ ಅದನ್ನು ಇಡುವ ರೀತಿಯೂ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. ಆಸ್ಟಿಯೋಕ್ಯಾಲ್ಸಿನ್ ಎಂಬ ಮೂಳೆಯ ಪ್ರೋಟೀನು ಕ್ಯಾಲ್ಸಿಯಮನ್ನು ಹಿಡಿದುಕೊಳ್ಳಬೇಕಾದರೆ ವಿಟಮಿನ್ ಕೆ ಅಗತ್ಯ. ಆ ವಿಟಮಿನ್ ಅಡುಗೆಯ ಶಾಖವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ಬೆಳಕನ್ನು ಮಾತ್ರ ತಾಳಿಕೊಳ್ಳುವುದಿಲ್ಲ. ಪಾರದರ್ಶಕ ಬಾಟಲಿಯನ್ನು ಕಿಟಕಿಯ ಬಳಿ ಇಟ್ಟರೆ ಅದು ಬೇಗ ನಾಶವಾಗುತ್ತದೆ. ನಾನು ಗಾಢ ಬಣ್ಣದ ಸಣ್ಣ ಬಾಟಲಿಗಳನ್ನೇ ಕೊಂಡು ಕಪಾಟಿನೊಳಗೆ ಇಡುತ್ತೇನೆ. ಅಗಸೆ ಎಣ್ಣೆ ಫ್ರಿಜ್ಜಿನಲ್ಲಿರುತ್ತದೆ, ಕಮಟು ವಾಸನೆ ಬಂದರೆ ಚೆಲ್ಲುತ್ತೇನೆ. ಕರಿದ ಎಣ್ಣೆಯನ್ನು ಮತ್ತೆ ಕಾಯಿಸುವುದಿಲ್ಲ, ಏಕೆಂದರೆ ಆಕ್ಸಿಡೀಕರಣಗೊಂಡ ಕೊಬ್ಬು ಮೂಳೆ ಕಟ್ಟುವ ಕೋಶಗಳ ಬೆಳವಣಿಗೆಯನ್ನು ತಡೆಯುವುದು ಪ್ರಯೋಗಾಲಯದ ಅಧ್ಯಯನಗಳಲ್ಲಿ ಕಂಡುಬಂದಿದೆ.

ಈ ಬದಲಾವಣೆಗೆ ನನ್ನನ್ನು ಒಪ್ಪಿಸಿದ ಎರಡು ಅಧ್ಯಯನಗಳಿವೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 23 ಮಂದಿ ಆರು ವಾರ ಆಲ್ಫಾ-ಲಿನೋಲೆನಿಕ್ ಆಮ್ಲ ಹೆಚ್ಚಿರುವ ಆಹಾರ ಸೇವಿಸಿದಾಗ, ಮೂಳೆ ಕರಗುವಿಕೆಯ ಸೂಚಕವೊಂದು ರಕ್ತದಲ್ಲಿ ಇಳಿದಿತ್ತು. 2012ರಲ್ಲಿ ಪ್ರಕಟವಾದ ಸ್ಪೇನಿನ ವರದಿಯಲ್ಲಿ, ಎರಡು ವರ್ಷ ಗಮನಿಸಲಾದ 127 ಹಿರಿಯ ಪುರುಷರ ಪೈಕಿ ಆಲಿವ್ ಎಣ್ಣೆ ಪಡೆದ ಗುಂಪಿನಲ್ಲಿ ಮೂಳೆ ಕಟ್ಟುವಿಕೆಯ ಸೂಚಕವಾದ ಆಸ್ಟಿಯೋಕ್ಯಾಲ್ಸಿನ್ ರಕ್ತದಲ್ಲಿ ಏರಿತ್ತು. ಇವೆರಡೂ ರಕ್ತದ ಸೂಚಕಗಳನ್ನು ಅಳೆದ ಸಣ್ಣ ಅಧ್ಯಯನಗಳೇ ಹೊರತು ಮೂಳೆ ಮುರಿತ ತಪ್ಪಿತೆಂದು ತೋರಿಸಿದವುಗಳಲ್ಲ. ಹಾಗಾಗಿ ಆಸ್ಟಿಯೋಪೊರೋಸಿಸ್‌ಗೆ (ಮೂಳೆ ಸವೆತಕ್ಕೆ) ಔಷಧ ತೆಗೆದುಕೊಳ್ಳುತ್ತಿರುವ ಯಾರಿಗೂ ಎಣ್ಣೆ ಬದಲಿಸಿ ಔಷಧ ಬಿಡಿ ಎಂದು ನಾನು ಹೇಳುವುದಿಲ್ಲ. ನನ್ನ ಮುಂದಿನ ಡೆಕ್ಸಾ ಪರೀಕ್ಷೆಯಲ್ಲಿ ಸಾಂದ್ರತೆ ಕುಸಿದಿರಲಿಲ್ಲ. ಆದರೆ ಅದೇ ಅವಧಿಯಲ್ಲಿ ಭಾರ ಎತ್ತುವ ವ್ಯಾಯಾಮವನ್ನೂ ಆರಂಭಿಸಿದ್ದರಿಂದ ಅದರ ಶ್ರೇಯವನ್ನು ಎಣ್ಣೆಗೆ ಕೊಡಲಾಗದು.

ನನ್ನ ಬಳಿ ಬರುವವರಿಗೆ ಇದೇ ಕ್ರಮವನ್ನು ಸೂಚಿಸುವ ಮೊದಲು ಅವರು ಸೇವಿಸುವ ಔಷಧಗಳನ್ನು ಕೇಳಿ ತಿಳಿಯುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ, ವಿಟಮಿನ್ ಕೆ ಆ ಔಷಧದ ಪರಿಣಾಮವನ್ನು ತಗ್ಗಿಸುವುದರಿಂದ, ದಿನನಿತ್ಯದ ವಿಟಮಿನ್ ಕೆ ಪ್ರಮಾಣ ಒಂದೇ ಸಮನಾಗಿರಬೇಕು. ಸೂರ್ಯಕಾಂತಿಯಿಂದ ಸೋಯಾ ಅಥವಾ ಕನೋಲಾ ಎಣ್ಣೆಗೆ ಹೊರಳಿದರೆ ಅದು ಏರುವ ಸಂಭವವಿರುವುದರಿಂದ, ವೈದ್ಯರಿಗೆ ಮೊದಲೇ ತಿಳಿಸಿ ರಕ್ತಪರೀಕ್ಷೆಯ ದಿನ ಗೊತ್ತುಮಾಡಿಕೊಂಡ ಮೇಲೆಯೇ ಅವರು ಎಣ್ಣೆ ಬದಲಿಸಬೇಕು.